ಕ್ಲಾನ್ ನಡೆಸುತ್ತಾ ಮುಂದಾಳ್ತನ ಕಲಿಯುವುದು ಹೇಗೆ?

ಸಂಬಳ ಇಲ್ಲ. ಒತ್ತಾಯ ಮಾಡುವ ಹಾಗಿಲ್ಲ. ಎಷ್ಟೋ ಜನರ ಮುಖವನ್ನೂ ನೋಡಿಲ್ಲ. ಆದರೂ 40 ಜನರಿಂದ ಒಂದೇ ದಿನ, ಒಂದೇ ಗುರಿಗೆ ಕೆಲಸ ಮಾಡಿಸಬೇಕು. ಯಾರಿಗಾದರೂ ಬೇಜಾರಾದರೆ ಒಂದು ಬಟನ್ ಒತ್ತಿ ಹೊರಟುಹೋಗುತ್ತಾರೆ. ಆನ್‌ಲೈನ್ ಆಟದಲ್ಲಿ ಗುಂಪು ನಡೆಸುವವರು ದಿನಾ ಮಾಡುವುದು ಇದನ್ನೇ.

ನಾನು ಶಿರಸಿಯವನು. ಆರು ವರ್ಷ ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಮೊಬೈಲ್ ಆಟದಲ್ಲಿ ಒಂದು ಕ್ಲಾನ್‌ನ, ಅಂದರೆ ಆಟಗಾರರ ಗುಂಪಿನ, ಲೀಡರ್ ಆಗಿದ್ದೆ. ಶುರುವಿನಲ್ಲಿ ನಾವು ಒಂದೇ ಕಾಲೇಜಿನ ಹನ್ನೊಂದು ಜನ. ಆಮೇಲೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಯಲ್ಲಾಪುರದವರೆಲ್ಲ ಸೇರಿದರು. ಮೀನುಗಾರಿಕೆ ಬೋಟಿಗೆ ಹೋಗುವವರು, ಕೈಗಾದಲ್ಲಿ ಪಾಳಿ ಕೆಲಸ ಮಾಡುವವರು, ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿಯರು, ದುಬೈಯಲ್ಲಿರುವ ಭಟ್ಕಳದ ಒಬ್ಬರು, ಹೀಗೆ. ಈಗ ನಾನು ಒಂದು ಸಹಕಾರಿ ಸಂಘದಲ್ಲಿ ಎಂಟು ಜನರ ತಂಡ ನೋಡಿಕೊಳ್ಳುತ್ತೇನೆ. ಆ ಕೆಲಸಕ್ಕೆ ಬೇಕಾದ ಬಹಳಷ್ಟನ್ನು ಕಲಿತದ್ದು ಕ್ಲಾನ್‌ನಲ್ಲೇ.

ಆದರೆ ಸುಮ್ನೆ ಆಡುತ್ತಾ ಕೂತರೆ ಅದು ಬರುವುದಿಲ್ಲ. ಹತ್ತು ವರ್ಷ ಆಡಿಯೂ ಗುಂಪು ಕಟ್ಟಲು ಬಾರದವರನ್ನು ನೋಡಿದ್ದೇನೆ. ಏನು ಮಾಡುತ್ತಿದ್ದೇವೆ, ಯಾಕೆ ಮಾಡುತ್ತಿದ್ದೇವೆ ಎಂದು ಗಮನ ಕೊಟ್ಟರೆ ಮಾತ್ರ ಕೈಗೆ ಹತ್ತುತ್ತದೆ. ಹಾಗಾಗಿ ಈಗ ಗುಂಪು ನಡೆಸುತ್ತಿರುವವರಿಗೆ ಅಥವಾ ಶುರು ಮಾಡಬೇಕು ಅಂದುಕೊಂಡವರಿಗೆ ನಾನು ಕಂಡ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಏನು ಕಲಿಯಬೇಕು ಅಂತ ನೋಡಿ ಗುಂಪು ಆರಿಸಿ

ಎಲ್ಲ ಆಟವೂ ಒಂದೇ ಪಾಠ ಕಲಿಸುವುದಿಲ್ಲ. ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟದಲ್ಲಿ ಸ್ಕ್ವಾಡ್ ಅಂದರೆ ನಾಲ್ಕು ಜನ. ಅಲ್ಲಿ ಐಜಿಎಲ್, ಅಂದರೆ ಆಟದ ನಡುವೆ ತಂಡಕ್ಕೆ ದಾರಿ ಹೇಳುವವರು, ಎರಡು ಸೆಕೆಂಡಿನಲ್ಲಿ ನಿರ್ಧಾರ ಮಾಡಿ, ಮೂರು ಪದದಲ್ಲಿ ಹೇಳಬೇಕು. "ಅಲ್ಲಿದಾನೆ, ಅಲ್ಲಿದಾನೆ, ಹೊಡಿ ಹೊಡಿ" ಎಂದು ಕಿರುಚಿದರೆ ಉಳಿದ ಮೂವರು ಮೂರು ದಿಕ್ಕು ನೋಡುತ್ತಾರೆ. ಪರದೆಯ ಮೇಲ್ಭಾಗದ ದಿಕ್ಸೂಚಿ ನೋಡಿ "320, ಬಂಡೆ ಹಿಂದೆ, ಇಬ್ಬರು" ಎಂದರೆ ಮೂವರೂ ಒಂದೇ ಕಡೆ ತಿರುಗುತ್ತಾರೆ. ಗಡಿಬಿಡಿಯಲ್ಲಿ ಸ್ಪಷ್ಟವಾಗಿ ಮಾತಾಡುವುದು ನಿಮಗೆ ಕಷ್ಟವಾಗಿದ್ದರೆ ಸ್ಕ್ವಾಡ್ ಒಳ್ಳೆಯ ಜಾಗ.

ಕ್ಲಾನ್ ಬೇರೆ ಥರ. ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಒಂದು ಕ್ಲಾನ್‌ಗೆ 50 ಜನರವರೆಗೆ ಜಾಗ ಇದೆ. ಲೀಡರ್, ಕೋ-ಲೀಡರ್, ಎಲ್ಡರ್, ಮೆಂಬರ್ ಎಂಬ ನಾಲ್ಕು ಮೆಟ್ಟಿಲು. ಎರಡು ಕ್ಲಾನ್‌ಗಳ ನಡುವಿನ ಪಂದ್ಯವೇ ವಾರ್. ಅದರಲ್ಲಿ ಪ್ರತಿಯೊಬ್ಬರೂ ಎದುರಾಳಿಗಳ ಬೇಸ್ (ಆಟದಲ್ಲಿ ಕಟ್ಟಿಕೊಂಡ ಊರು) ಮೇಲೆ ಎರಡು ಅಟ್ಯಾಕ್ ಮಾಡಬಹುದು, ಎಷ್ಟು ಒಡೆದರು ಎಂಬುದರ ಮೇಲೆ ಸ್ಟಾರ್ ಸಿಗುತ್ತವೆ. ಇಲ್ಲಿ ಅವಸರ ಕಡಿಮೆ, ಜನರ ಜೊತೆ ಏಗುವುದು ಜಾಸ್ತಿ. ತಿಂಗಳುಗಟ್ಟಲೆ ಒಂದು ಗುಂಪನ್ನು ಒಟ್ಟಿಗೆ ಇಟ್ಟುಕೊಳ್ಳುವುದನ್ನು ಕಲಿಯಬೇಕು ಅಂದರೆ ಕ್ಲಾನ್ ಸರಿ. ಕಂಪ್ಯೂಟರ್ ಆಟಗಳ ಗಿಲ್ಡ್‌ಗಳಲ್ಲಿ, ಅಂದರೆ ಅಲ್ಲಿನ ಆಟಗಾರರ ಗುಂಪುಗಳಲ್ಲಿ, ಎರಡೂ ಇವೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೊದಲ ದೊಡ್ಡ ರೇಡ್‌ಗಳಿಗೆ, ಅಂದರೆ ಗುಂಪು ದಾಳಿಗಳಿಗೆ, 40 ಜನ ಒಟ್ಟಿಗೆ ಇಳಿಯುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟದ ಗುಂಪಿಗೆ ಹೋಗಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ದುಡ್ಡು ಬಂದ ಕಡೆ ಮುಂದಾಳ್ತನದ ಪಾಠ ಇರಲಿ, ಸ್ನೇಹವೂ ಉಳಿಯುವುದಿಲ್ಲ.

ಹೆಜ್ಜೆ 2: ಯಾರನ್ನೂ ಸೇರಿಸುವ ಮುಂಚೆ ಐದು ಸಾಲು ಬರೆಯಿರಿ

ನಿಯಮ ಅಂದ ಕೂಡಲೇ ಕೆಲವರು ಎರಡು ಪುಟ ಬರೆಯುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ನಮ್ಮ ಕ್ಲಾನ್‌ನಲ್ಲಿ ಇದ್ದದ್ದು ಇಷ್ಟೇ:

ವಾರ್‌ಗೆ ಹೆಸರು ಕೊಟ್ಟರೆ ಎರಡೂ ಅಟ್ಯಾಕ್ ಮಾಡಬೇಕು.
ಆಗದಿದ್ದರೆ ಮೊದಲೇ ಹೇಳಿ, ಕಾರಣ ಕೇಳುವುದಿಲ್ಲ.
ಚಾಟ್‌ನಲ್ಲಿ ಮನೆಯವರ ಮುಂದೆ ಓದಲಾಗದ ಮಾತು ಬೇಡ.
ಟ್ರೂಪ್ಸ್ (ಆಟದ ಸೈನಿಕರು) ಬೇರೆಯವರಿಂದ ಕೇಳಿದಷ್ಟೇ ಕೊಡಲೂ ಬೇಕು.
ಪರೀಕ್ಷೆ ಇದ್ದವರು ಆಟ ಬಿಟ್ಟು ಓದಬೇಕು.

ಈ ಐದರಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಎರಡನೆಯದು. "ಕಾರಣ ಕೇಳುವುದಿಲ್ಲ" ಅಂತ ಬರೆದ ಮೇಲೆ ಸುಳ್ಳು ಕಾರಣಗಳು ನಿಂತುಹೋದವು. ಜನ ಸುಳ್ಳು ಹೇಳುವುದು ಬೈಗುಳಕ್ಕೆ ಹೆದರಿ, ಅಲ್ವಾ? ಹೆದರಿಕೆ ಹೋದರೆ "ಈ ವಾರ ಆಗಲ್ಲ ಅಣ್ಣಾ" ಎಂದು ನೇರ ಹೇಳುತ್ತಾರೆ. ನೀವು ಅವರ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಬಹುದು. ಇಂದು ನನ್ನ ಆಫೀಸಿನಲ್ಲೂ ರಜೆಗೆ ಇದೇ ನಿಯಮ. ಎರಡು ದಿನ ಮುಂಚೆ ಹೇಳಿದರೆ ಕಾರಣ ಬೇಡ.

ಐದನೆಯ ನಿಯಮವನ್ನೂ ಗಟ್ಟಿಯಾಗಿ ಹಿಡಿಯಿರಿ. ನಿಮ್ಮ ಗುಂಪಿನಲ್ಲಿ ಪಿಯುಸಿ ಮಕ್ಕಳು ಇದ್ದೇ ಇರುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಅವರು ರಾತ್ರಿ ಆನ್‌ಲೈನ್ ಕಂಡರೆ ವಾರ್ ಪಟ್ಟಿಯಿಂದ ತೆಗೆಯಿರಿ. ಕ್ಲಾನ್‌ನಿಂದ ಅಲ್ಲ, ಪಟ್ಟಿಯಿಂದ ಮಾತ್ರ. ಅವರಿಗೆ ಆಗ ಸಿಟ್ಟು ಬಂದರೂ ಚಿಂತೆಯಿಲ್ಲ.

ಹೆಜ್ಜೆ 3: ಜನರ ದಿನಚರಿ ತಿಳಿದು ಸಮಯ ಇಡಿ

ಇದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಕ್ಲಾನ್ ವಾರ್‌ನಲ್ಲಿ ಎದುರಾಳಿ ಸಿಕ್ಕ ಹೊತ್ತಿನಿಂದ 23 ಗಂಟೆ ತಯಾರಿ, ಆಮೇಲೆ 24 ಗಂಟೆ ಯುದ್ಧ. ಅಂದರೆ ಲೀಡರ್ ಯಾವ ಹೊತ್ತಿಗೆ ಎದುರಾಳಿ ಹುಡುಕುವ ಬಟನ್ ಒತ್ತುತ್ತಾರೋ ಅದರ ಮೇಲೆ ಎಲ್ಲರ ಎರಡು ದಿನ ನಿಂತಿರುತ್ತದೆ. ನಾನು ನನಗೆ ಪುರುಸೊತ್ತು ಸಿಕ್ಕಾಗ ಒತ್ತುತ್ತಿದ್ದೆ. ಸಾಮಾನ್ಯವಾಗಿ ಶನಿವಾರ ರಾತ್ರಿ ಹತ್ತಕ್ಕೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಯುದ್ಧ ಶುರು, ಸೋಮವಾರ ರಾತ್ರಿ ಒಂಬತ್ತಕ್ಕೆ ಮುಕ್ತಾಯ. 30 ಜನರ ವಾರ್ ಅಂದರೆ 60 ಅಟ್ಯಾಕ್. ಪ್ರತಿಸಲ ಹತ್ತು, ಹದಿನೈದು ಅಟ್ಯಾಕ್ ಬಳಕೆಯಾಗದೆ ಉಳಿಯುತ್ತಿದ್ದವು. ಜನರಿಗೆ ಶ್ರದ್ಧೆ ಇಲ್ಲ ಎಂದು ನನ್ನ ಲೆಕ್ಕ.

ಒಂದು ದಿನ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ನಿಮ್ಮ ದಿನ ಹೇಗಿರುತ್ತದೆ, ಎಷ್ಟು ಹೊತ್ತಿಗೆ ಫೋನ್ ಕೈಗೆ ಸಿಗುತ್ತದೆ ಅಂತ. ಸಿದ್ದಾಪುರದ ಕಡೆಯ ಹುಡುಗನ ಮನೆಯಲ್ಲಿ ಅಡಿಕೆ ಕೊಯ್ಲು. ರಾತ್ರಿ ಹನ್ನೊಂದರವರೆಗೆ ಎಲ್ಲರೂ ಅಡಿಕೆ ಸುಲಿಯುತ್ತಾರೆ, ಕೈ ತುಂಬ ಅಡಿಕೆಯ ಕಲೆ, ಫೋನ್ ಮುಟ್ಟುವ ಹಾಗಿಲ್ಲ. ಕಾರವಾರದಿಂದ ಬೋಟಿಗೆ ಹೋಗುವವರು ಸೋಮವಾರ ಸಮುದ್ರದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಕೈಗಾದವರಿಗೆ ವಾರಕ್ಕೊಂದು ಪಾಳಿ. ದುಬೈಯವರು ನಮಗಿಂತ ಒಂದೂವರೆ ಗಂಟೆ ಹಿಂದೆ. ಶ್ರದ್ಧೆಯ ಪ್ರಶ್ನೆಯೇ ಅಲ್ಲ. ನಾನು ಇಟ್ಟ ಹೊತ್ತು ಮೂವತ್ತರಲ್ಲಿ ಹನ್ನೆರಡು ಜನರಿಗೆ ಹೊಂದುತ್ತಿರಲಿಲ್ಲ.

ಎಲ್ಲವನ್ನೂ ಒಂದು ದಿನ ಹಿಂದಕ್ಕೆ ಸರಿಸಿದೆವು. ಶುಕ್ರವಾರ ರಾತ್ರಿ ಹತ್ತಕ್ಕೆ ಹುಡುಕಾಟ, ಶನಿವಾರ ರಾತ್ರಿ ಒಂಬತ್ತರಿಂದ ಭಾನುವಾರ ರಾತ್ರಿ ಒಂಬತ್ತರವರೆಗೆ ಯುದ್ಧ. ಭಾನುವಾರ ಇಡೀ ದಿನ ಕೈಯಲ್ಲಿ. ಉಳಿಯುವ ಅಟ್ಯಾಕ್ ಮೂರು ನಾಲ್ಕಕ್ಕೆ ಇಳಿಯಿತು. ಒಬ್ಬರನ್ನೂ ಬೈಯಲಿಲ್ಲ, ಒಬ್ಬರನ್ನೂ ಬದಲಾಯಿಸಲಿಲ್ಲ.

ಮಳೆಗಾಲಕ್ಕೆ ಬೇರೆ ಲೆಕ್ಕ ಬೇಕು. ನಮ್ಮ ಕಡೆ ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹರಿಯಿತು ಅಂದರೆ ಕರೆಂಟ್ ಎರಡು ಮೂರು ದಿನ ಬರುವುದಿಲ್ಲ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಊರಿಗೆ ಊರೇ ಸಿಗ್ನಲ್ ಇಲ್ಲದೆ ಕೂರುತ್ತದೆ. ಛತ್ರಿ ಹಿಡಿದು ಸೊಪ್ಪಿನ ಬೆಟ್ಟದ ತುದಿಗೆ ಹತ್ತಿ, ಒಂದು ಕಡ್ಡಿ ಸಿಗ್ನಲ್ ಹಿಡಿದು, ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಅಟ್ಯಾಕ್ ಮಾಡಿದವರು ನಮ್ಮಲ್ಲಿ ಇದ್ದಾರೆ. ಆದರೆ ಜನರ ಇಂಥ ಉತ್ಸಾಹವನ್ನು ನಂಬಿ ಯೋಜನೆ ಮಾಡಬಾರದು. ನಾವು ಮಾಡಿದ್ದು: ಮಳೆಗಾಲದಲ್ಲಿ ಮೊದಲ ಅಟ್ಯಾಕ್ ಯುದ್ಧ ಶುರುವಾದ ಹನ್ನೆರಡು ಗಂಟೆಯೊಳಗೆ. ಘಟ್ಟದ ಮೇಲಿನವರು ಮೊದಲು, ಪೇಟೆಯಲ್ಲಿರುವವರು ಕೊನೆಗೆ.

ನಿಮ್ಮ ಗುಂಪಿಗೆ ಇದನ್ನು ಹೀಗೆ ಮಾಡಿ. ಒಂದು ಕಾಗದದಲ್ಲಿ ಎಲ್ಲರ ಹೆಸರು ಬರೆಯಿರಿ. ಹೆಸರಿನ ಮುಂದೆ ಅವರು ಖಂಡಿತ ಸಿಗುವ ಎರಡು ಗಂಟೆ, ಖಂಡಿತ ಸಿಗದ ಎರಡು ಗಂಟೆ ಬರೆಯಿರಿ. ಗೊತ್ತಿಲ್ಲದಿದ್ದರೆ ಕೇಳಿ. ಹತ್ತು ಹೆಸರಿನ ಮುಂದೆ ಖಾಲಿ ಉಳಿದರೆ ನೀವು ಆ ಹತ್ತು ಜನರನ್ನು ಇನ್ನೂ ತಿಳಿದುಕೊಂಡಿಲ್ಲ ಅಂತ ಅರ್ಥ.

ಹೆಜ್ಜೆ 4: "ನೋಡ್ಕೋ" ಎಂಬ ಮಾತು ಬಿಡಿ

ನಾನು ಮಾಡಿದ ದೊಡ್ಡ ತಪ್ಪು ಈ ಒಂದು ಪದದ್ದು. ವಾರ್ ಮುಗಿಯಲು ಮೂರು ಗಂಟೆ ಇತ್ತು. ಎದುರಾಳಿಯ 3ನೇ ನಂಬರ್ ಬೇಸ್ ಉಳಿದಿತ್ತು. ಕುಮಟಾದ ಒಬ್ಬ ಪಿಯುಸಿ ಹುಡುಗನಿಗೆ ಚಾಟ್‌ನಲ್ಲಿ "3 ನಂಬರ್ ನೀನು ನೋಡ್ಕೋ" ಎಂದು ಬರೆದು ಊಟಕ್ಕೆ ಹೋದೆ. ಊಟ ಮುಗಿಸಿ ಮನೆಯವರ ಜೊತೆ ಮಾತಾಡಿ ಬರುವಷ್ಟರಲ್ಲಿ ವಾರ್ ಮುಗಿದಿತ್ತು. 3ನೇ ಬೇಸ್ ಹಾಗೇ ಇತ್ತು. ಎರಡು ಸ್ಟಾರ್‌ನಿಂದ ಸೋತಿದ್ದೆವು.

ಎಲ್ಲರ ಎದುರಿಗೇ ಬರೆದೆ: "ಒಂದು ಕೆಲಸ ಹೇಳಿದ್ರೆ ಅದೂ ಆಗಲ್ವಾ ನಿಂಗೆ?"

ಅವನ ಉತ್ತರ: "ಅಣ್ಣಾ, ನೀವು ನೋಡ್ಕೋ ಅಂದ್ರಿ. ನೋಡಿದೆ. ಯಾವ ಕಡೆಯಿಂದ ಹೋಗ್ಬೇಕು ಅಂತ ಬರೆದೂ ಹಾಕಿದ್ದೆ."

ಮೇಲೆ ಹೋಗಿ ನೋಡಿದೆ. ನಿಜ. ಬೇಸ್‌ನ ಚಿತ್ರ ತೆಗೆದು, ಮೇಲೆ ಗೆರೆ ಎಳೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಕ್ಲಾನ್‌ನಲ್ಲಿ ಅವನ ಟೌನ್ ಹಾಲ್ ಸಣ್ಣದು, ಅಂದರೆ ಅವನ ಬೇಸ್‌ನ ಮಟ್ಟ ಕೆಳಗಿನದು. ತನಗೆ 3ನೇ ನಂಬರ್ ಒಡೆಯಲು ಕೊಡುವುದಿಲ್ಲ, ಬೇಸ್ ಪರಿಶೀಲಿಸಿ ಹೇಳಲು ಕೊಟ್ಟಿದ್ದಾರೆ ಎಂದು ಅವನು ತಿಳಿದದ್ದು ತೀರ ಸರಿ. ನಮ್ಮ ಭಾಷೆಯಲ್ಲಿ "ನೋಡ್ಕೋ" ಅಂದರೆ ನಿಗಾ ಇಡು ಅಂತಲೂ ಆಗುತ್ತದೆ, ಕೆಲಸ ಮುಗಿಸು ಅಂತಲೂ ಆಗುತ್ತದೆ, ಹುಷಾರು ಅಂತಲೂ ಆಗುತ್ತದೆ. ನಾನು ಒಂದು ಅರ್ಥದಲ್ಲಿ ಬರೆದೆ, ಅವನು ಇನ್ನೊಂದು ಅರ್ಥದಲ್ಲಿ ಓದಿದ. ಆ ರಾತ್ರಿ ಅವನೂ ಅವನ ಇಬ್ಬರು ಸ್ನೇಹಿತರೂ ಕ್ಲಾನ್ ಬಿಟ್ಟರು. ಫೋನ್ ಮಾಡಿ ತಪ್ಪಾಯಿತು ಅಂದೆ. ಬರಲು ಒಂದು ತಿಂಗಳು ತೆಗೆದುಕೊಂಡ. ಅವನ ಸ್ನೇಹಿತರು ಬರಲೇ ಇಲ್ಲ.

ಅಂದಿನಿಂದ ಪ್ರತಿ ಕೆಲಸ ಹೇಳುವಾಗ ಮೂರು ಸಂಗತಿ ಇರಲೇಬೇಕು ಎಂದು ಮಾಡಿಕೊಂಡೆ: ಯಾರು, ಏನು, ಎಷ್ಟು ಹೊತ್ತಿನೊಳಗೆ. "ನೀನು, 3ನೇ ಬೇಸ್ ಅಟ್ಯಾಕ್ ಮಾಡು, ಎಂಟೂವರೆಯೊಳಗೆ." ಜೊತೆಗೆ ಅವರಿಂದ ಒಂದು "ಸರಿ" ಬರುವವರೆಗೆ ಕೆಲಸ ಹೇಳಿ ಆಯಿತು ಅಂದುಕೊಳ್ಳಬೇಡಿ. "ಸ್ವಲ್ಪ ನೋಡಿ", "ಆಮೇಲೆ ಮಾಡೋಣ", "ಯಾರಾದ್ರೂ ಮಾಡ್ರೋ" ಇವೂ ಇದೇ ಜಾತಿಯವು. "ಯಾರಾದ್ರೂ" ಅಂದರೆ ಯಾರೂ ಅಲ್ಲ. ಒಂದು ವಾರ ನಿಮ್ಮ ಚಾಟ್ ತೆಗೆದು ಇಂಥ ಮಾತು ಎಷ್ಟು ಸಲ ಬಳಸಿದ್ದೀರಿ ಎಂದು ಎಣಿಸಿ. ಆಮೇಲೆ ಮನೆಯಲ್ಲಿ, ಆಫೀಸಿನಲ್ಲಿ ಎಣಿಸಿ.

ಹೆಜ್ಜೆ 5: ಸೋಲಿನ ಮೇಲಿನ ಮಾತು

ಮೆಚ್ಚುವುದು ಎಲ್ಲರ ಮುಂದೆ, ತಿದ್ದುವುದು ಒಬ್ಬರೇ ಇದ್ದಾಗ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಸಿಟ್ಟು ಬಂದಾಗ ಕೈ ತಾನಾಗಿ ಗುಂಪಿನ ಚಾಟ್‌ಗೇ ಹೋಗುತ್ತದೆ. ಅದಕ್ಕೆ ನಾನು ಒಂದು ಕಟ್ಟು ಹಾಕಿಕೊಂಡೆ. ವಾರ್ ಸೋತ ರಾತ್ರಿ "ಎಲ್ಲರಿಗೂ ಥ್ಯಾಂಕ್ಸ್, ನಾಳೆ ಮಾತಾಡೋಣ" ಎಂಬ ಒಂದೇ ಸಾಲು. ಉಳಿದದ್ದು ಬೆಳಿಗ್ಗೆ.

ಬೆಳಿಗ್ಗೆ ಮಾತಾಡಲು ಆಟವೇ ಒಂದು ಸಾಧನ ಕೊಟ್ಟಿದೆ, ರೀಪ್ಲೇ. ಅಟ್ಯಾಕ್ ಹೇಗೆ ನಡೆಯಿತು ಎಂದು ಮತ್ತೆ ನೋಡಬಹುದು. ಆಫೀಸಿನಲ್ಲಿ ಇಂಥ ಅನುಕೂಲ ಇಲ್ಲ, ಹಾಗಾಗಿ ಇಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ. ಕ್ರಮ ಹೀಗೆ: ಮೊದಲು ಅಟ್ಯಾಕ್ ಮಾಡಿದವರೇ ತಮ್ಮ ರೀಪ್ಲೇ ನೋಡಿ ಹೇಳಲಿ, ಎಲ್ಲಿ ಕೈ ತಪ್ಪಿತು ಅಂತ. ನೂರಕ್ಕೆ ತೊಂಬತ್ತು ಸಲ ಅವರಿಗೇ ಗೊತ್ತಿರುತ್ತದೆ. "ಹೀಲರ್ ಬೇಗ ಬಿಟ್ಟೆ", "ಸ್ಪೆಲ್ ಹಾಕೋದು ತಡ ಆಯ್ತು" ಎನ್ನುತ್ತಾರೆ. ಆಮೇಲೆ ನೀವು ಒಂದೇ ಒಂದು ಸಲಹೆ ಕೊಡಿ. ನಿಮಗೆ ಏಳು ತಪ್ಪು ಕಂಡಿರಬಹುದು. ಏಳೂ ಹೇಳಿದರೆ ಒಂದೂ ಉಳಿಯುವುದಿಲ್ಲ.

ಯೋಜನೆ ನಿಮ್ಮದಾಗಿದ್ದು ಸೋತಿದ್ದರೆ ಅದನ್ನು ಮಾತ್ರ ಎಲ್ಲರ ಎದುರಿಗೇ ಹೇಳಿ. "ಈ ಸಲ ಯಾರಿಗೆ ಯಾವ ಬೇಸ್ ಅಂತ ಹಂಚಿದ್ದು ನನ್ನದು ತಪ್ಪಾಯಿತು." ಲೀಡರ್ ಮೊದಲು ಹೇಳಿದರೆ ಉಳಿದವರಿಗೂ ಹೇಳಲು ಧೈರ್ಯ ಬರುತ್ತದೆ.

ಹೆಜ್ಜೆ 6: ಹಂಚುವ ಮುಂಚೆ ಲೆಕ್ಕ ಹೇಳಿ

ಗುಂಪುಗಳು ಒಡೆಯುವುದು ಸೋಲಿನಿಂದ ಕಡಿಮೆ, ಗೆದ್ದ ಮೇಲಿನ ಹಂಚಿಕೆಯಿಂದ ಜಾಸ್ತಿ.

ಇದನ್ನು ನನಗೆ ಮೊದಲು ಬಿಡಿಸಿ ಹೇಳಿದ್ದು ಕಾರವಾರದ ನಮ್ಮ ಒಬ್ಬ ಮೆಂಬರ್‌ನ ಅಜ್ಜ. ಅವರ ಕಾಲದಲ್ಲಿ ದಂಡೆಯಲ್ಲಿ ರಂಪಣಿ ಬಲೆ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು ಬಂದರೆ, ಎರಡೂ ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತು ಹತ್ತಾರು ಜನ ಎಳೆಯಬೇಕು. ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎಂದು ತಾಂಡೇಲ, ಅಂದರೆ ಆ ಗುಂಪಿನ ಮುಂದಾಳು, ಹೇಳುತ್ತಾನೆ. 1970ರ ದಶಕದ ಕೊನೆಯಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಅಜ್ಜ ಹೇಳಿದ್ದು ಇಷ್ಟು: "ಬಲೆಗೆ ಎಷ್ಟು ಪಾಲು, ದೋಣಿಗೆ ಎಷ್ಟು, ಎಳೆದವನಿಗೆ ಎಷ್ಟು ಅಂತ ಬಲೆ ನೀರಿಗೆ ಬೀಳುವ ಮೊದಲೇ ಎಲ್ಲರಿಗೂ ಗೊತ್ತಿರ್ತಿತ್ತು. ಮೀನು ನೋಡಿದ ಮೇಲೆ ಪಾಲು ಮಾತಾಡಿದ್ರೆ ಜಗಳವೇ."

ಆನ್‌ಲೈನ್ ಆಟಗಳೂ ಇದೇ ಕಷ್ಟವನ್ನು ಎದುರಿಸಿ ಇದೇ ಉತ್ತರಕ್ಕೆ ಬಂದಿವೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದಲ್ಲಿ ಹತ್ತಾರು ಜನ ಸೇರಿ ಒಂದು ದೊಡ್ಡ ಡ್ರ್ಯಾಗನ್ ಕೊಂದರೆ ಸಿಗುವ ವಸ್ತು ಎರಡೋ ಮೂರೋ. ಯಾರಿಗೆ ಕೊಡಬೇಕು? ಅಲ್ಲಿನ ಗಿಲ್ಡ್‌ಗಳು ಡಿಕೆಪಿ (ಡ್ರ್ಯಾಗನ್ ಕಿಲ್ ಪಾಯಿಂಟ್ಸ್) ಎಂಬ ಅಂಕ ಪದ್ಧತಿ ಮಾಡಿಕೊಂಡವು. ರೇಡ್‌ಗೆ ಬಂದ ಪ್ರತಿಸಲ ಅಂಕ ಸೇರುತ್ತದೆ, ವಸ್ತು ಬೇಕಾದಾಗ ಆ ಅಂಕ ಖರ್ಚು ಮಾಡಬೇಕು. ಆ ಪದ್ಧತಿ ಆಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೂ ಬಂತು. ಲೀಡರ್‌ನ ಸ್ನೇಹಿತ ಯಾರು ಎಂಬುದಕ್ಕೆ ಅಲ್ಲಿ ಬೆಲೆ ಇಲ್ಲ, ಬಂದವರಿಗೆ ಬೆಲೆ.

ಹಲವು ಕ್ಲಾನ್‌ಗಳು ಸೇರಿ ಆಡುವ ಕ್ಲಾನ್ ವಾರ್ ಲೀಗ್‌ನಲ್ಲಿ ನಮಗೂ ಈ ಪರೀಕ್ಷೆ ಬರುತ್ತದೆ. ಏಳು ದಿನದ ಲೀಗ್ ಮುಗಿದ ಮೇಲೆ ಬೋನಸ್ ಮೆಡಲ್ (ಹೆಚ್ಚುವರಿ ಬಹುಮಾನ) ಕೆಲವರಿಗೆ ಮಾತ್ರ ಕೊಡಲು ಸಾಧ್ಯ. ನಾವು ಲೀಗ್ ಶುರುವಾಗುವ ಹಿಂದಿನ ದಿನವೇ ಕ್ಲಾನ್ ಮೇಲ್ ಕಳಿಸುತ್ತಿದ್ದೆವು. ಏಳೂ ದಿನ ಅಟ್ಯಾಕ್ ಮಾಡಿದವರಲ್ಲಿ ಹೆಚ್ಚು ಸ್ಟಾರ್ ಇದ್ದವರಿಗೆ ಮೊದಲು. ಸಮ ಬಂದರೆ ಹೋದ ತಿಂಗಳು ಸಿಗದವರಿಗೆ. ಕೊನೆಯಲ್ಲಿ ಪಟ್ಟಿ ಎಲ್ಲರಿಗೂ ಕಾಣುವಂತೆ. ಒಮ್ಮೆ ಈ ಲೆಕ್ಕದಲ್ಲಿ ನನ್ನ ಸ್ವಂತ ತಮ್ಮನಿಗೇ ಸಿಗಲಿಲ್ಲ. ಎರಡು ದಿನ ಮನೆಯಲ್ಲಿ ಮಾತು ಬಿಟ್ಟಿದ್ದ. ಆದರೆ ನನ್ನ ಆರು ವರ್ಷದಲ್ಲಿ ಒಬ್ಬರೂ ಮೆಡಲ್ ವಿಷಯಕ್ಕೆ ಕ್ಲಾನ್ ಬಿಡಲಿಲ್ಲ.

ಹೆಜ್ಜೆ 7: ಕಿಕ್ ಮಾಡುವುದು

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಬೇರೆಯವರನ್ನು ಅವಮಾನ ಮಾಡಿದವರನ್ನು, ಹುಡುಗಿಯರಿಗೆ ಬೇಡದ ಮೆಸೇಜ್ ಕಳಿಸಿದವರನ್ನು ಆ ಕ್ಷಣವೇ ತೆಗೆಯಿರಿ. ಅವರು ಎಷ್ಟೇ ಒಳ್ಳೆಯ ಆಟಗಾರರಾಗಿರಲಿ, ಎರಡನೇ ಅವಕಾಶ ಬೇಡ. ಉಳಿದ ಎಲ್ಲ ತಪ್ಪಿಗೂ ಮೊದಲು ಖಾಸಗಿಯಾಗಿ ಒಂದು ಮಾತು, ಆಮೇಲೆ ಒಂದು ಎಚ್ಚರಿಕೆ, ಆಮೇಲೆ ನಿರ್ಧಾರ. ರಾತ್ರಿ ಹತ್ತರ ಮೇಲೆ ಯಾರನ್ನೂ ತೆಗೆಯಬೇಡಿ. ಆ ಹೊತ್ತಿನ ನಿರ್ಧಾರಗಳಲ್ಲಿ ಅರ್ಧ ಬೆಳಿಗ್ಗೆ ತಪ್ಪು ಅನ್ನಿಸುತ್ತವೆ.

ಹೆಜ್ಜೆ 8: ಆಟದ ಹೊರಗೆ ಒಂದು ಸಲ ಪರೀಕ್ಷೆ ಮಾಡಿ

ಮೊಬೈಲಿನಲ್ಲಿ ಕಲಿತದ್ದು ಮೊಬೈಲಿನಲ್ಲೇ ಉಳಿದರೆ ನಷ್ಟ. ಊರಿನ ಯುವಕ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪ್, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಸ್ವಯಂಸೇವಕರ ಕೆಲಸ, ಯಾವುದಾದರೂ ಸರಿ. ಒಂದು ಸಣ್ಣ ಜವಾಬ್ದಾರಿ ಕೇಳಿ ತೆಗೆದುಕೊಳ್ಳಿ.

ನಾನು ತೆಗೆದುಕೊಂಡದ್ದು ಊರಿನ ಯಕ್ಷಗಾನದ ವ್ಯವಸ್ಥೆ. ನಮ್ಮ ಕಡೆ "ಆಟ" ಅಂದರೆ ಮೊದಲು ಅದೇ. ರಾತ್ರಿಯಿಡೀ ಆಟ, ಅದಕ್ಕೆ ರಂಗಸ್ಥಳ ಕಟ್ಟಬೇಕು, ಚೌಕಿಗೆ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕಡೆಗೆ) ಜಾಗ, ಕಲಾವಿದರಿಗೆ ಊಟ, ನಡುರಾತ್ರಿ ಚಹಾ, ಮೈಕ್, ಜನರೇಟರ್, ವಾಹನ ನಿಲ್ಲಿಸುವ ಗದ್ದೆ. ಪ್ರತಿವರ್ಷ ಎಲ್ಲರೂ ಎಲ್ಲವನ್ನೂ ಮಾಡಲು ಓಡಾಡಿ, ಕೊನೆಗೆ ಹನ್ನೆರಡು ಗಂಟೆಗೆ ಚೌಕಿಯಲ್ಲಿ ಚಹಾ ಇರುತ್ತಿರಲಿಲ್ಲ. ಆ ವರ್ಷ ಒಂದು ಹಾಳೆ ಬರೆದು ದೇವಸ್ಥಾನದ ಕಂಬಕ್ಕೆ ಅಂಟಿಸಿದೆ. ಪ್ರತಿ ಸಾಲಿನಲ್ಲಿ ಒಬ್ಬರ ಹೆಸರು, ಒಂದು ಕೆಲಸ, ಒಂದು ಹೊತ್ತು. "ಚೌಕಿಗೆ ಚಹಾ, 30 ಲೋಟ, ರಾತ್ರಿ 12" ಎಂದು ಒಬ್ಬ ಹೈಸ್ಕೂಲು ಹುಡುಗನ ಹೆಸರಿತ್ತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವನು ಕೆಟಲ್ ಹಿಡಿದು ಚೌಕಿಯ ಬಾಗಿಲಲ್ಲಿ ನಿಂತಿದ್ದ.

ಆದರೆ ಎಲ್ಲವೂ ಹಾಗೇ ಹೊಂದುವುದಿಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. ಊರಿನ ಒಬ್ಬ ಹಿರಿಯರಿಗೆ ಹಾಳೆಯಲ್ಲಿ ತಮ್ಮ ಹೆಸರು ನೋಡಿ ಬೇಸರವಾಯಿತು. ನನ್ನನ್ನು ಕೇಳದೆ ಹೇಗೆ ಬರೆದೆ ಅಂತ. ಕ್ಲಾನ್‌ನಲ್ಲಾದರೆ ಒಂದು ಮೆಸೇಜ್ ಸಾಕು. ಇಲ್ಲಿ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಕವಳ (ಎಲೆ ಅಡಿಕೆ) ಹಾಕಿ, ಮಳೆ ಬೆಳೆ ಮಾತಾಡಿ, ಆಮೇಲೆ ವಿಷಯಕ್ಕೆ ಬರಬೇಕು. ಅರ್ಧ ದಿನ ಹೋಯಿತು. ಆ ಅರ್ಧ ದಿನ ವ್ಯರ್ಥ ಅಂದುಕೊಂಡವರು ಊರಿನಲ್ಲಿ ಕೆಲಸ ಮಾಡಲಾರರು. ಊರಿನಲ್ಲಿ ಕಿಕ್ ಬಟನ್ ಇಲ್ಲ. ನಿಮಗೆ ಹೊಂದದವರ ಜೊತೆಗೂ ಮುಂದಿನ ಮೂವತ್ತು ವರ್ಷ ಇರಬೇಕು. ಆಟ ಕಲಿಸದ ಪಾಠ ಇದು, ಬೇರೆಯಾಗಿ ಕಲಿಯಬೇಕು.

ಹೆಜ್ಜೆ 9: ಬಯೋಡೇಟಾದಲ್ಲಿ ಹೇಗೆ ಬರೆಯುವುದು

ಒಂದು ನೋಟ್‌ಬುಕ್ ಇಡಿ. ತಿಂಗಳಿಗೆ ಅರ್ಧ ಪುಟ ಸಾಕು. ಎಷ್ಟು ಜನ ಇದ್ದರು, ಏನು ತೊಂದರೆ ಬಂತು, ಏನು ಮಾಡಿದಿರಿ, ಏನು ಬದಲಾಯಿತು. ಇಂಟರ್‌ವ್ಯೂ ಹಿಂದಿನ ರಾತ್ರಿ ನೆನಪು ಮಾಡಿಕೊಳ್ಳಲು ಕೂತರೆ ಏನೂ ನೆನಪಾಗುವುದಿಲ್ಲ.

"ಕ್ಲಾಷ್ ಆಫ್ ಕ್ಲಾನ್ಸ್ ಲೀಡರ್" ಎಂದು ಮಾತ್ರ ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: "ಬೇರೆ ಬೇರೆ ಊರು ಮತ್ತು ಪಾಳಿಗಳಲ್ಲಿರುವ 40 ಜನರ ಆನ್‌ಲೈನ್ ಆಟದ ತಂಡವನ್ನು ನಡೆಸಿದ್ದೇನೆ. ಪ್ರತಿವಾರ ಕೆಲಸ ಹಂಚಿಕೆ, ಸಮಯ ಹೊಂದಾಣಿಕೆ, ಹೊಸಬರ ತರಬೇತಿ ನನ್ನ ಜವಾಬ್ದಾರಿ." ಆಟ ಎಂಬುದನ್ನು ಮುಚ್ಚಿಡಬೇಡಿ, ಕೇಳಿದರೆ ಸಂಕೋಚ ಇಲ್ಲದೆ ಹೇಳಿ. ಆದರೆ ಟೌನ್ ಹಾಲ್ ಲೆವೆಲ್, ಟ್ರೋಫಿ ಇವೆಲ್ಲ ಬೇಡ. ಎದುರಿಗೆ ಕೂತವರಿಗೆ ಬೇಕಾದದ್ದು ನೀವು ಜನರ ಜೊತೆ ಏನು ಮಾಡಿದಿರಿ ಅನ್ನುವುದು.

ನನ್ನ ಇಂಟರ್‌ವ್ಯೂನಲ್ಲಿ ಒಬ್ಬರು ಕೇಳಿದರು, "ತಂಡದಲ್ಲಿ ಒಬ್ಬರು ಹೇಳಿದ ಕೆಲಸ ಮಾಡದಿದ್ದರೆ ಏನು ಮಾಡ್ತೀರಿ?" ನಾನು "ನೋಡ್ಕೋ" ಕಥೆ ಹೇಳಿದೆ. ನನ್ನ ತಪ್ಪು ಯಾವುದು, ಫೋನ್‌ನಲ್ಲಿ ಏನು ಹೇಳಿದೆ, ಆಮೇಲೆ ಯಾವ ಪದ್ಧತಿ ತಂದೆ ಅಂತ. ಮೇಜಿನ ಆ ಕಡೆ ಇದ್ದವರು ಪೆನ್ ಕೆಳಗಿಟ್ಟು, ತಮ್ಮ ಆಫೀಸಿನಲ್ಲಿ ಅದೇ ಪದದಿಂದ ಆದ ಎಡವಟ್ಟು ಹೇಳಿದರು. ಕೆಲಸ ಸಿಕ್ಕಿತು. ಕಥೆಯಿಂದಲೇ ಸಿಕ್ಕಿತು ಅನ್ನುವುದಿಲ್ಲ. ಆದರೆ ಒಂದು ನಿಜವಾದ ತಪ್ಪು, ಅದನ್ನು ಸರಿಪಡಿಸಿದ ರೀತಿ, ಇದು ಹತ್ತು ಸರ್ಟಿಫಿಕೇಟ್‌ಗಿಂತ ಚೆನ್ನಾಗಿ ಮಾತಾಡುತ್ತದೆ.

ಹೆಜ್ಜೆ 10: ಲೀಡರ್ ಸ್ಥಾನ ಬಿಟ್ಟುಕೊಡಿ

2008ರ ಮೇ ತಿಂಗಳಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಆನ್‌ಲೈನ್ ಆಟಗಳ ಮುಂದಾಳ್ತನದ ಬಗ್ಗೆ ಒಂದು ಲೇಖನ ಬಂದಿತ್ತು. ಬೈರನ್ ರೀವ್ಸ್, ಥಾಮಸ್ ಮ್ಯಾಲೋನ್, ಟೋನಿ ಓಡ್ರಿಸ್ಕಲ್ ಎಂಬ ಮೂವರು ಬರೆದದ್ದು. ಅದರಲ್ಲಿ ನನಗೆ ಹಿಡಿಸಿದ ಒಂದು ಅಂಶ: ಆಟದ ಗುಂಪುಗಳಲ್ಲಿ ಮುಂದಾಳ್ತನ ಒಬ್ಬರಿಗೇ ಅಂಟಿಕೊಂಡಿರುವುದಿಲ್ಲ, ಕೆಲಸಕ್ಕೆ ತಕ್ಕಂತೆ ಕೈ ಬದಲಾಗುತ್ತದೆ. ಇಂದು ಮುಂದೆ ನಿಂತವರು ನಾಳೆ ಹಿಂದೆ ನಿಂತು ಹೇಳಿದ್ದನ್ನು ಮಾಡುತ್ತಾರೆ. ಆಫೀಸುಗಳಲ್ಲಿ, ಸಂಘಗಳಲ್ಲಿ ಇದು ಕಾಣುವುದು ಅಪರೂಪ. ಇಪ್ಪತ್ತು ವರ್ಷ ಒಬ್ಬರೇ ಅಧ್ಯಕ್ಷರಾಗಿರುವ ಸಂಘಗಳು ನಮ್ಮೂರಲ್ಲೇ ಇವೆ.

ಬಿಟ್ಟುಕೊಡುವುದಕ್ಕೂ ತಯಾರಿ ಬೇಕು. ಮೊದಲು ಒಂದು ವಾರ್ ಪೂರ್ತಿ ಕೋ-ಲೀಡರ್ ಕೈಗೆ ಕೊಡಿ. ಆ ಎರಡು ದಿನ ನೀವು ಚಾಟ್‌ನಲ್ಲಿ ಒಂದೂ ಸಲಹೆ ಹಾಕಬೇಡಿ. ಕೈ ತುರಿಸುತ್ತದೆ, ಫೋನ್ ಪಕ್ಕಕ್ಕಿಡಿ. ಅವರು ತಪ್ಪು ಮಾಡಿದರೆ ಮಾಡಲಿ, ಹೋಗುವುದು ಒಂದು ವಾರ್ ಅಷ್ಟೇ. ತಿಂಗಳಿಗೊಬ್ಬರಂತೆ ಮೂವರಿಗೆ ಹೀಗೆ ಕೊಟ್ಟರೆ ಯಾರ ಮಾತನ್ನು ಜನ ಮನಸ್ಸಿಟ್ಟು ಕೇಳುತ್ತಾರೆ ಎಂದು ನಿಮಗೇ ಕಾಣುತ್ತದೆ. ನಾನು ಅಂದುಕೊಂಡಿದ್ದವರು ಬೇರೆ, ಜನ ಕೇಳಿದ್ದು ಬೇರೆಯವರ ಮಾತು. ಅಂಕೋಲಾದ ಒಬ್ಬ ಹುಡುಗಿ, ಚಾಟ್‌ನಲ್ಲಿ ಕಡಿಮೆ ಮಾತಾಡುವವಳು. ವಾರ್ ದಿನ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಕಳಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳನ್ನು ಲೀಡರ್ ಮಾಡಿದೆ. ಬಂದ ಮೊದಲ ತಿಂಗಳಲ್ಲೇ ನನ್ನ ಎರಡು ನಿಯಮ ತೆಗೆದು ಹಾಕಿದಳು. ಒಂದು ದಿನ ಬೇಸರ ಅನ್ನಿಸಿತು, ಆಮೇಲೆ ಅವಳು ಮಾಡಿದ್ದೇ ಸರಿ ಅನ್ನಿಸಿತು. ಈಗ ನಾನು ಬರೀ ಮೆಂಬರ್. ಶನಿವಾರ ರಾತ್ರಿ ನನಗೆ ಅವಳಿಂದ ಒಂದು ಮೆಸೇಜ್ ಬರುತ್ತದೆ: "ಅಣ್ಣಾ, 7ನೇ ಬೇಸ್ ನೀವು ಅಟ್ಯಾಕ್ ಮಾಡಿ, ನಾಳೆ ಮಧ್ಯಾಹ್ನ ಮೂರರೊಳಗೆ. ಸರಿನಾ?"

"ಸರಿ" ಎಂದು ಬರೆದು ಕಳಿಸುತ್ತೇನೆ.